ಕೋಟು ತೊಟ್ಟ ತಾತನ ಅಂಚೆ ಚೀಟಿ

ಫೆಬ್ರವರಿ 11, ಮಂಗಳವಾರ

ಇವತ್ತು ಮೂವರು ಸತ್ತವರಿಗೆ ಕೋಟು ತೊಡಿಸಿದೆ. ಒಬ್ಬರು ಆಟೋ ಓಡಿಸುತ್ತಿದ್ದವರು, ಒಬ್ಬರು ತಳ್ಳುಗಾಡಿಯಲ್ಲಿ ಸೊಪ್ಪು ಮಾರುತ್ತಿದ್ದವರು, ಮೂರನೆಯವರು ಏನು ಮಾಡುತ್ತಿದ್ದರೆಂದು ಫೋಟೋ ತಂದ ಮಗನಿಗೇ ಸರಿಯಾಗಿ ಗೊತ್ತಿರಲಿಲ್ಲ. ಮೂವರಿಗೂ ಅದೇ ನೀಲಿ ಕೋಟು, ಅದೇ ಕೆಂಪು ಟೈ. ಬನಶಂಕರಿ ಬಸ್ ನಿಲ್ದಾಣದ ಹಿಂದಿರುವ ಈ ಬ್ಯಾನರ್ ಅಂಗಡಿಯ ಕಂಪ್ಯೂಟರಿನಲ್ಲಿ ಕೋಟುಗಳದ್ದೇ ಒಂದು ಫೋಲ್ಡರ್ ಇದೆ. ಹಳೆಯ ಫೋಟೋದಿಂದ ತಲೆ ಕತ್ತರಿಸಿ ಕೋಟಿನ ಮೇಲೆ ಕೂರಿಸಬೇಕು, ಹಿಂದೆ ಮೋಡ ಹಾಕಬೇಕು, ಕೆಳಗೆ ಜನನ, ಮರಣ ಬರೆಯಬೇಕು. ಎರಡನೇ ಪಿಯುಸಿ ಅರ್ಧಕ್ಕೆ ಬಿಟ್ಟವಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗುವುದಿಲ್ಲ ಎಂದು ಅಮ್ಮ ಹೇಳುತ್ತಾಳೆ. ಹೆಣಕ್ಕೆ ಸಿಂಗಾರ ಮಾಡುವುದಕ್ಕೆ ಪಿಯುಸಿಯೂ ಬೇಡ ಎಂದು ನಾನು ಹೇಳುತ್ತೇನೆ.

ನಾಲ್ಕನೆಯ ಫೋಟೋ ತಂದದ್ದು ದೇವರಾಜ್ ಮಾವ, ಅಮ್ಮನ ಅಣ್ಣ. ಫೋಟೋದಲ್ಲಿ ಇದ್ದದ್ದು ನಮ್ಮ ತಾತ ಪಾಪಯ್ಯ. ವೋಟರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ ಚಿತ್ರ, ಖಾಕಿ ಅಂಗಿ, ಹೆಗಲಿನ ಮೇಲೆ ಟವೆಲ್ಲಿನ ತುದಿ.

"ಚೆನ್ನಾಗಿರೋ ಕೋಟ್ ಹಾಕು ತೇಜು. ನೀಲಿ ಬಣ್ಣದ್ದು."

"ತಾತ ಯಾವತ್ತು ಕೋಟ್ ಹಾಕಿದ್ರು ಮಾವ?"

"ಈಗ ಹಾಕ್ಕೊಳ್ಳಲಿ ಬಿಡೇ. ಸತ್ತ ಮೇಲಾದ್ರೂ."

"ಅದು ಸುಳ್ಳು. ನಾನ್ ಹಾಕಲ್ಲ."

"ಬೆಳಗ್ಗಿಂದ ಕಂಡೋರ ಅಪ್ಪಂದಿರಿಗೆಲ್ಲ ಹಾಕಿದ್ಯಲ್ಲೇ!"

ಅವರು ಯಾರೋ, ಇವರು ತಾತ, ಅಷ್ಟೇ. ಮಾವ ಅಂಗಡಿಯ ಯಜಮಾನರ ಕಡೆ ತಿರುಗಿದರು. "ಸೋಮನಾಥ್ ಸಾರ್, ನೀವೇ ಹಾಕ್ಬಿಡಿ. ಇವಳು ಪಾಪಯ್ಯನ ಮೊಮ್ಮಗಳಲ್ಲ ಸಾರ್, ಹರಿಶ್ಚಂದ್ರನ ಮೊಮ್ಮಗಳು." ಸೋಮನಾಥ್ ಸಾರ್ ನಗುತ್ತಾ ಕೂತು, ಚಹಾ ಆರುವುದರೊಳಗೆ ತಾತನ ಟವೆಲ್ ತೆಗೆದು ಟೈ ಕಟ್ಟಿದರು. ಕತ್ತು ಒಂದು ಬಣ್ಣ, ಮುಖ ಒಂದು ಬಣ್ಣ. ಯಾತಕ್ಕೆ ಈ ಫೋಟೋ ಎಂದರೆ ಮಾವ ಹೇಳಲಿಲ್ಲ.

ತಾತ ನೀರಿನ ಬೋರ್ಡಿನಲ್ಲಿ ವಾಲ್ವ್ ತಿರುಗಿಸುತ್ತಿದ್ದರು. ಅವರ ಅಪ್ಪ, ಅಜ್ಜ ಊರಿನ ಕೆರೆಗೆ ನೀರುಗಂಟಿಗಳು, ತೂಬು ಎತ್ತಿ ಗದ್ದೆಗೆ ನೀರು ಬಿಡುತ್ತಿದ್ದವರು. ಕೆರೆ ಹೋಗಿ ಬಡಾವಣೆ ಬಂದಮೇಲೆ ತಾತ ಎದೆಯೆತ್ತರದ ಕಬ್ಬಿಣದ ಕೀಲಿ ಹಿಡಿದು ಜಯನಗರ, ಬನಶಂಕರಿಯ ಬೀದಿಗಳಿಗೆ ನೀರು ಬಿಟ್ಟರು. ಹೋದ ಮಾರ್ಚಿನಲ್ಲಿ ತೀರಿಕೊಂಡರು. ನಾನು ಅಳಲಿಲ್ಲ. ಕಾಲೇಜು ಬಿಟ್ಟ ದಿನದಿಂದ ಅವರು ನನ್ನ ಜೊತೆ ಮಾತು ಬಿಟ್ಟಿದ್ದರು. ಮಾತು ಬಿಟ್ಟವರಿಗಾಗಿ ಅಳುವುದು ನಾಟಕ.

ಕಾಲೇಜು ಬಿಟ್ಟದ್ದೂ ದೊಡ್ಡ ಕಥೆಯಲ್ಲ. ಮಾಡದ ಪ್ರಯೋಗಗಳನ್ನು ಲ್ಯಾಬ್ ರೆಕಾರ್ಡಿನಲ್ಲಿ ಮಾಡಿದ್ದೇವೆ ಎಂದು ಎಲ್ಲರೂ ಬರೆದರು. ನಾನು ಪ್ರತಿ ಪುಟದಲ್ಲೂ "ಈ ಪ್ರಯೋಗ ಮಾಡಿಸಿಲ್ಲ" ಎಂದು ಬರೆದೆ. ಬದಲಾಯಿಸಿ ಬರೆ ಎಂದರು, ಬರೆಯಲಿಲ್ಲ. ಆಮೇಲೆ ಆದದ್ದು ಆಯಿತು.

ಫೆಬ್ರವರಿ 17, ಸೋಮವಾರ

ಈಗ ಗೊತ್ತಾಯಿತು. ಮಾವ ರಾಜಭವನ ರಸ್ತೆಯ ದೊಡ್ಡ ಅಂಚೆ ಕಚೇರಿಗೆ ಹೋಗಿ ತಾತನ ಅಂಚೆ ಚೀಟಿ ಮಾಡಿಸಿಕೊಂಡು ಬಂದಿದ್ದಾರೆ. ಒಂದು ಹಾಳೆ. ಪ್ರತಿ ಚೀಟಿಯಲ್ಲೂ ಒಂದು ಹೂವು, ಐದು ರೂಪಾಯಿ ಎಂಬ ಅಂಕಿ, ಅದಕ್ಕೆ ಅಂಟಿದಂತೆ ಪಕ್ಕದಲ್ಲಿ ಕೋಟು ತೊಟ್ಟ ಪಾಪಯ್ಯ. 'ಮೈ ಸ್ಟ್ಯಾಂಪ್' ಎಂಬ ಯೋಜನೆ ಇದು. ಗುರುತಿನ ಚೀಟಿ ತೋರಿಸಿ ದುಡ್ಡು ಕಟ್ಟಿದರೆ ಮದುವೆಯಾದ ಜೋಡಿಗೂ ಮಾಡಿಕೊಡುತ್ತಾರೆ, ನನಗೂ ಮಾಡಿಕೊಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಮಾವ ಅಜ್ಜಿಗೆ ಹೇಳಿದ್ದು ಅದಲ್ಲ.

"ಅಮ್ಮಾ, ಭಾರತ ಸರ್ಕಾರ ಅಪ್ಪನ ಸ್ಟ್ಯಾಂಪ್ ಬಿಡುಗಡೆ ಮಾಡಿದೆ!"

ಅಣ್ಣಮ್ಮಜ್ಜಿ ಕೈ ತೊಳೆದುಕೊಂಡು ಬಂದು, ಸೆರಗಿನಿಂದ ಒರೆಸಿಕೊಂಡು, ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದಳು. "ಸರ್ಕಾರಕ್ಕೆ ಇವ್ರು ನೆಪ್ಪಲ್ಲಿದ್ರಾ?" ಎಂದಳು. ಇನ್ನೇನೂ ಕೇಳಲಿಲ್ಲ. ಗೋಡೆಯ ಗೂಡಿನಲ್ಲಿ ಬುದ್ಧನ ಮೂರ್ತಿಯ ಪಕ್ಕ ತಾತ ಕಟ್ಟು ಹಾಕಿಸಿಟ್ಟ ಬಾಬಾಸಾಹೇಬರ ಹಳೆಯ ಅಂಚೆ ಚೀಟಿ ಇದೆ. ಅದರ ಪಕ್ಕದಲ್ಲಿಯೇ ಈ ಹಾಳೆಯನ್ನು ಒರಗಿಸಿದಳು.

ನಾನು ಬಾಯಿ ತೆರೆದೆ. ಅಮ್ಮ ತೊಡೆ ಚಿವುಟಿದಳು. ಹೊರಗೆ ಬಂದಮೇಲೆ ಮಾವ ಹೇಳಿದರು: "ಮಾರ್ಚ್ ಒಂಬತ್ತಕ್ಕೆ ಅಪ್ಪನ ವರ್ಷದ ಪುಣ್ಯಸ್ಮರಣೆ. ನಮ್ ಕದಿರೇನಹಳ್ಳಿಯೋರೆಲ್ಲ ಬರ್ತಾರೆ. ಅವತ್ತೇ ಸ್ಟ್ಯಾಂಪ್ ಬಿಡುಗಡೆ ಅಂತ ಫಂಕ್ಷನ್. ಅಲ್ಲೀವರೆಗೂ ಬಾಯಿ ಮುಚ್ಕೊಂಡಿರು, ನಿನ್ ದಮ್ಮಯ್ಯ."

ಏಪ್ರಿಲ್‌ನಲ್ಲಿ ನಿವಾಸಿಗಳ ಸಂಘದ ಚುನಾವಣೆ. ಮಾವ ಅಧ್ಯಕ್ಷರಾಗಬೇಕಂತೆ. ನನಗೆ ಅದರ ಬಗ್ಗೆ ಸಿಟ್ಟಿಲ್ಲ, ಆಗಲಿ. ಅಜ್ಜಿಗೆ ಮೋಸ ಮಾಡಿ ಆಗುವುದು ಬೇಡ.

ಫೆಬ್ರವರಿ 19, ಬುಧವಾರ

ಫಂಕ್ಷನ್‌ನ ದೊಡ್ಡ ಬ್ಯಾನರ್ ಕೆಲಸ ನನ್ನ ತಲೆಗೇ ಬಂತು. "ಅಂಚೆ ಚೀಟಿಯಲ್ಲಿ ಮಹನೀಯರು" ಎಂದು ಸಾಲಾಗಿ ಚಿತ್ರ ಹಾಕಿ ಕೊನೆಗೆ ತಾತನನ್ನು ಕೂರಿಸಬೇಕಂತೆ. ಪ್ರತಿಯೊಬ್ಬರ ಕೆಳಗೆ ಒಂದೆರಡು ಸಾಲು ಮಾಹಿತಿ. ಬೈದುಕೊಂಡೇ ಮೊಬೈಲಿನಲ್ಲಿ ಹುಡುಕಲು ಕೂತವಳು ಊಟದ ಹೊತ್ತು ಮೀರಿದರೂ ಏಳಲಿಲ್ಲ.

ಸ್ವತಂತ್ರ ಭಾರತ ಗಾಂಧೀಜಿಯ ಚೀಟಿಯನ್ನು ಮೊದಲು ತಂದದ್ದು 1948ರಲ್ಲಿ. ಅಚ್ಚು ಹಾಕಿದ್ದು ಸ್ವಿಟ್ಜರ್‌ಲೆಂಡಿನಲ್ಲಿ! ಜೀವನವಿಡೀ ಸ್ವದೇಶಿ ಎಂದವರನ್ನು ಪರದೇಶದಲ್ಲಿ ಅಚ್ಚು ಹಾಕಿಸಿದ್ದಾರೆ. ಅವರು ಇದ್ದಿದ್ದರೆ ಉಪವಾಸ ಕೂರುತ್ತಿದ್ದರೇನೋ. ಸಾಮಾನ್ಯವಾಗಿ ಸತ್ತಮೇಲೆಯೇ ಚೀಟಿ. ಆದರೆ ಕರ್ವೆ ಎಂಬ ಮಹರ್ಷಿಗಳು ನೂರು ತುಂಬಿದಾಗ 1958ರಲ್ಲಿ ತಮ್ಮ ಚೀಟಿಯನ್ನು ತಾವೇ ನೋಡಿದರು. ಎರಡು ವರ್ಷದ ನಂತರ ನಮ್ಮ ವಿಶ್ವೇಶ್ವರಯ್ಯನವರೂ ನೋಡಿದರು. ಪೇಟ ಸಮೇತ. ಕಬೀರ, ಮೀರಾ 1952ರಲ್ಲಿ ಬಂದರು. ಅವರ ಫೋಟೋ ಯಾರು ತೆಗೆದಿದ್ದರು? ಯಾರೋ ಅಂದಾಜಿನ ಮೇಲೆ ಬರೆದ ಮುಖಗಳು. ಬಾಬಾಸಾಹೇಬರ ಮೊದಲ ಚೀಟಿ 1966ರದ್ದು, ನಮ್ಮ ಗೂಡಿನಲ್ಲಿರುವುದು ಅದೇ. ಎಲ್ಲರಿಗಿಂತ ವಿಚಿತ್ರ ವಿಕ್ಟೋರಿಯಾ ರಾಣಿಯದು. ಜಗತ್ತಿನ ಮೊದಲ ಅಂಚೆ ಚೀಟಿಯ ಮೇಲಿದ್ದವಳು. ಅವಳು ಹದಿನೈದು ವರ್ಷದವಳಿದ್ದಾಗ ಬರೆದ ಚಿತ್ರದಿಂದ ಮಾಡಿದ್ದು. ಎಂಬತ್ತೊಂದಕ್ಕೆ ಸಾಯುವವರೆಗೂ ಅವಳ ದೇಶದ ಚೀಟಿಗಳಲ್ಲಿ ಅವಳಿಗೆ ವಯಸ್ಸಾಗಲೇ ಇಲ್ಲ.

ಅಂದರೆ ರಾಣಿಯ ಮುಖವೂ ಪೂರ್ತಿ ನಿಜವಲ್ಲ, ಕಬೀರನ ಮುಖವೂ ನಿಜವಲ್ಲ. ಕೋಟಿನ ವಿಷಯದಲ್ಲಿ ನಾನು ಸ್ವಲ್ಪ ಸೋತೆ. ಸರ್ಕಾರದ ವಿಷಯದಲ್ಲಿ ಸೋತಿಲ್ಲ.

ಫೆಬ್ರವರಿ 20, ಗುರುವಾರ

ಅಜ್ಜಿ ಇವತ್ತು ಸೊಪ್ಪಿನ ಬೈರಮ್ಮನನ್ನು ಒಳಗೆ ಕರೆದು ಹಾಳೆ ತೋರಿಸುತ್ತಿದ್ದಳು. "ಡೆಲ್ಲಿಯಿಂದ ಬಂದೈತೆ" ಎನ್ನುತ್ತಿದ್ದಳು.

ಡೆಲ್ಲಿ ಎಂದು ಮಾವನೂ ಹೇಳಿರಲಿಲ್ಲ. ಸುಳ್ಳು ತಾನಾಗಿಯೇ ಬೆಳೆಯುತ್ತಿದೆ.

ಫೆಬ್ರವರಿ 22, ಶನಿವಾರ

ಕೆಲಸ ಹೋಯಿತು ಎಂದು ಕಾಣುತ್ತದೆ.

ಮಾವ ಬರೆದುಕೊಟ್ಟ ಸಾಲು: "ಭಾರತ ಸರ್ಕಾರ ಹೊರತಂದ ಶ್ರೀ ಪಾಪಯ್ಯನವರ ಅಂಚೆ ಚೀಟಿಯ ಲೋಕಾರ್ಪಣೆ." ನಾನು ಟೈಪ್ ಮಾಡಿದ ಸಾಲು: "ಶ್ರೀ ಪಾಪಯ್ಯನವರ ನೆನಪಿಗಾಗಿ ಕುಟುಂಬದವರು ದುಡ್ಡು ಕಟ್ಟಿ ಮಾಡಿಸಿದ ಅಂಚೆ ಚೀಟಿ." ಪ್ಲಾಸ್ಟಿಕ್ ಫ್ಲೆಕ್ಸ್ ಹಾಕುವಂತಿಲ್ಲ ಎಂದು ಬಟ್ಟೆಯ ಮೇಲೆ ಅಚ್ಚಾಯಿತು. ಹತ್ತಡಿ ಉದ್ದ. ಸೋಮನಾಥ್ ಸಾರ್ ಹೊರಗೆ ಹೋಗಿದ್ದರು, ನೋಡಲಿಲ್ಲ. ಮಾವ ಅಂಗಡಿಯ ಮುಂದೆಯೇ ಬಿಚ್ಚಿ ಓದಿದರು.

"ದುಡ್ಡು ಕಟ್ಟಿ! ದುಡ್ಡು ಕಟ್ಟಿ ಅಂತ ಹಾಕಿದಾಳೆ ನೋಡಿ ಸಾರ್! ನಮ್ಮಪ್ಪನ ಮರ್ಯಾದೆ ಬೀದಿಗೆ ಹಾಕಿದಾಳೆ!"

"ಕಟ್ಟಿಲ್ವಾ ಮಾವ?"

"ಏಯ್!" ಎಂದು ಮಾವ ಕೈ ಎತ್ತಿದರು, ಇಳಿಸಿದರು.

ಸೋಮನಾಥ್ ಸಾರ್ ಹಣೆಯ ವಿಭೂತಿ ಅಳಿಸುವಂತೆ ಉಜ್ಜಿಕೊಂಡರು. "ನೋಡಮ್ಮ, ಕಸ್ಟಮರ್ ಏನ್ ಹೇಳ್ತಾರೋ ಅದನ್ನ ಟೈಪ್ ಮಾಡೋದು ನಮ್ ಕೆಲ್ಸ. ಹೋದ್ ತಿಂಗ್ಳು 'ಬಡವರ ಬಂಧು' ಅಂತ ಮೂವರಿಗೆ ಹಾಕಿದ್ವಿ. ಅವರ್ಯಾರು ಬಡವರ ಬಂಧುಗಳಾ? ನಾವೇನು ಕೋರ್ಟಾ? ಬಟ್ಟೆ ವೇಸ್ಟ್ ಆಯ್ತು. ನೀನು ಸ್ವಲ್ಪ ದಿನ ಮನೇಲಿರು."

ನಡೆದುಕೊಂಡೇ ಮನೆಗೆ ಬಂದೆ. ನಿಜ ಬರೆದರೆ ಬಟ್ಟೆ ವೇಸ್ಟ್. ಸುಳ್ಳು ಬರೆದರೆ ಬಟ್ಟೆ ಬ್ಯಾನರ್.

ಫೆಬ್ರವರಿ 23, ಭಾನುವಾರ

ಅಜ್ಜಿಗೆ ಹೇಳಿಬಿಟ್ಟೆ.

ಮನೆಯಲ್ಲಿ ಯಾರೂ ಇರಲಿಲ್ಲ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ಇದು ಸರ್ಕಾರ ಕೊಟ್ಟ ಗೌರವವಲ್ಲ, ಮಾವ ಮಾಡಿಸಿದ್ದು, ಯಾರು ಬೇಕಾದರೂ ಮಾಡಿಸಬಹುದು ಎಂದೆ. ಬಿಡಿಸಿ ಹೇಳಿದೆ, ಅರ್ಥವಾಗಲಿ ಎಂದು ಎರಡು ಸಲ ಹೇಳಿದೆ. ಅಜ್ಜಿ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಯಾರ್ ಬೇಕಾದ್ರೂವಾ?"

"ಹೂಂ ಅಜ್ಜಿ."

"ಆ ಗೇಟ್ ಮನೆ ನಾಯಿ ಸಾಕವ್ರಲ್ಲ, ಅವ್ರೂವಾ?"

"ಹೂಂ."

ಆಮೇಲೆ ಎದ್ದು, ಗೂಡಿನಿಂದ ಹಾಳೆ ತೆಗೆದು, ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಳು. ಬೈರಮ್ಮ ಬೀದಿಯಲ್ಲಿ ಕೂಗಿದರೂ ಹೊರಗೆ ಹೋಗಲಿಲ್ಲ.

ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಇದನ್ನು ಇಲ್ಲಿ ಬರೆದಿಡುತ್ತೇನೆ.

ಫೆಬ್ರವರಿ 25, ಮಂಗಳವಾರ

ಸೋಮನಾಥ್ ಸಾರ್ ಫೋನ್ ಮಾಡಿದರು. "ನಾಳೆ ಶಿವರಾತ್ರಿ ಕಣಮ್ಮ, ದೇವಸ್ಥಾನದವ್ರ ಬ್ಯಾನರ್ ರಾಶಿ ಬಿದ್ದಿದೆ. ಸಿಟ್ಟು ಬಿಟ್ಟು ಬಾ. ಶಿವನ ಬಗ್ಗೆ ಟೈಪ್ ಮಾಡಕ್ಕೆ ನಿಂಗೇನೂ ಅಬ್ಜೆಕ್ಷನ್ ಇಲ್ವಲ್ಲ?"

ಇಲ್ಲ ಎಂದೆ. ಸಿಟ್ಟು ಮಾಡಿಕೊಂಡಿದ್ದವರು ಅವರು, ಬಿಡಬೇಕಾದವಳು ನಾನಂತೆ. ಹೋದೆ.

ಮಾವ ತಮ್ಮ ಸಾಲನ್ನು ಬೇರೆ ಕಡೆ ಅಚ್ಚು ಹಾಕಿಸಿದ್ದಾರೆ ಎಂದು ಅಲ್ಲಿ ಗೊತ್ತಾಯಿತು.

ಫೆಬ್ರವರಿ 27, ಗುರುವಾರ

ಅಜ್ಜಿ ಸರಿಯಾಗಿ ಊಟ ಮಾಡುತ್ತಿಲ್ಲ. ತಟ್ಟೆಯಲ್ಲಿ ಮುದ್ದೆ ಮುರಿದು ಹಾಗೇ ಬಿಡುತ್ತಾಳೆ. ಫಂಕ್ಷನ್‌ಗೂ ಬರುವುದಿಲ್ಲವಂತೆ. ಮಾವ ಬಾಗಿಲಲ್ಲಿಯೇ ನಿಂತು ಕೂಗಾಡಿ ಹೋದರು. "ನಿಜ ಹೇಳಿ ಉದ್ಧಾರ ಮಾಡ್ಬಿಟ್ಟೆ! ನಮ್ಮಪ್ಪನ ಮೇಲಿನ ಸೇಡು ನಮ್ಮಮ್ಮನ ಮೇಲೆ ತೀರಿಸ್ಕೊಂಡ್ಯಾ?"

ಸೇಡಲ್ಲ. ಸೇಡಾಗಿದ್ದರೆ ನನಗೆ ಗೊತ್ತಾಗುತ್ತಿತ್ತು.

ಅಮ್ಮ ಗಾರ್ಮೆಂಟ್ಸಿನಿಂದ ಬಂದು, ಚಪ್ಪಲಿ ಬಿಡುತ್ತಲೇ ಹೇಳಿದಳು: "ಹೇಳಿದ್ಯಲ್ಲ ನಿಜಾನ, ಈಗ ಅವಳ ಪಕ್ಕ ಕೂತ್ಕೋ ಹೋಗು. ಹೇಳಿ ಎದ್ದೋಗಕ್ಕೆ ನೀನೇನು ಮೈಕಿನ ಆಟೋನಾ?"

ಕೂತೆ. ಮಾತಿಲ್ಲದೆ ಕೂರುವುದು ನನಗೆ ಆಗುವುದಿಲ್ಲ, ಅದಕ್ಕೇ ಕೇಳಿದೆ: "ಕೋಟ್ ಹಾಕಿದ್ದು ನಿಂಗೆ ಬೇಜಾರಾಗ್ಲಿಲ್ವಾ ಅಜ್ಜಿ?"

"ಯಾಕ್ ಬೇಜಾರು? ರಿಟೇರ್ ಆದಾಗ ಒಂದು ಕೋಟ್ ಒಲಿಸ್ಕಬೇಕು ಅಂದಿದ್ರು. ನೀಲೀದೆಯಾ. ಬಟ್ಟೇನೂ ನೋಡ್ಕಂಡ್ ಬಂದಿದ್ರು. ಆಮ್ಯಾಕೆ ನಿನ್ ಕಾಲೇಜ್ ಫೀಸ್ ಬಂತಲ್ಲ."

ಅಷ್ಟು ಹೇಳಿ ಅವಳು ಎಲೆ ಅಡಿಕೆ ಡಬ್ಬ ಹುಡುಕತೊಡಗಿದಳು. ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಮನೆಯಲ್ಲಿ ನಾನೊಬ್ಬಳೇ ಎಲ್ಲವನ್ನೂ ಹೇಳುವವಳು, ನನಗೆ ಮಾತ್ರ ಯಾರೂ ಏನನ್ನೂ ಹೇಳುವುದಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ಕೇಳಿದಳು: "ಇವ್ರ ಚೀಟಿ ಅಂಟಿಸಿದ್ರೆ ಕಾಗ್ದ ಓಯ್ತದಾ? ಇಲ್ಲಾ ಅದೂ ಬರೀ ತೋರ್ಕೆಗಾ?"

"ಗೊತ್ತಿಲ್ಲ ಅಜ್ಜಿ."

ಅವಳು ನನ್ನನ್ನೇ ನೋಡಿದಳು. ಅಷ್ಟೆಲ್ಲ ಬಿಡಿಸಿ ಹೇಳಿದವಳಿಗೆ ಇದೊಂದು ಗೊತ್ತಿಲ್ಲವಾ ಎನ್ನುವ ಹಾಗೆ.

ಮಾರ್ಚ್ 1, ಶನಿವಾರ

ಬೆಳಗ್ಗೆ ನಮ್ಮ ಬಡಾವಣೆಯ ಅಂಚೆ ಕಚೇರಿಗೆ ಹೋಗಿ ಕೇಳಿದೆ. ಕೌಂಟರಿನಲ್ಲಿದ್ದ ವಿಮಲಾ ಮೇಡಂ ನನ್ನ ಪ್ರಶ್ನೆಗೆ ನಕ್ಕರು. "ಯಾಕಮ್ಮ ಹೋಗಲ್ಲ? ಐದು ರೂಪಾಯಿ ಸ್ಟ್ಯಾಂಪ್ ಅಂದ್ರೆ ಐದು ರೂಪಾಯಿ ಸ್ಟ್ಯಾಂಪೇ. ಪಕ್ಕದಲ್ಲಿ ನಿಮ್ ತಾತ ಇದ್ರೇನು, ನಿಮ್ ಅತ್ತೆ ಇದ್ರೇನು. ಕವರ್ ಮೇಲೆ ಅಂಟಿಸಿ ಡಬ್ಬಕ್ಕೆ ಹಾಕು, ಹೋಗುತ್ತೆ."

ಮನೆಗೆ ಓಡಿ ಬಂದೆ. ಒಂದು ಚೀಟಿ ಕೊಡು ಅಜ್ಜಿ, ಕಾಗದ ಹಾಕಿ ನೋಡೋಣ ಎಂದೆ. ಅಜ್ಜಿ ಟ್ರಂಕಿನ ಮೇಲೆ ಕೈ ಇಟ್ಟುಕೊಂಡೇ ಕೇಳಿದಳು: "ಅಂಟಿಸಿದ್ ಮ್ಯಾಕೆ ಅದ್ರ ಮೇಲೆ ಕರೀ ಮುದ್ರೆ ಗುದ್ದುತಾರಲ್ಲ?"

"ಹೂಂ. ಗುದ್ದಲೇಬೇಕು, ಇಲ್ಲಾಂದ್ರೆ ಅದನ್ನೇ ಕಿತ್ತು ಇನ್ನೊಂದ್ ಸಲ ಅಂಟಿಸ್ಬೋದು."

"ಸತ್ತೋರ ಮುಖಕ್ಕೆ ಮಸಿ ಬಳಿಸ್ಲಾ ನಾನು? ಓಗ್ ಅತ್ಲಾಗೆ."

ಮುದ್ರೆ ಗುದ್ದುವುದು ನಿಜ. ಮಸಿ ಎನ್ನುವುದೂ ನಿಜ. ಸಿಟ್ಟಿನಲ್ಲಿ ಎದ್ದು ಹೊರಟವಳ ಕಣ್ಣು ಗೂಡಿನ ಮೇಲೆ ಬಿತ್ತು. ಬಾಬಾಸಾಹೇಬರ ಚೀಟಿಯ ಕಟ್ಟನ್ನು ತೆಗೆದು ಬೆಳಕಿಗೆ ಹಿಡಿದೆ. ಚಿಕ್ಕಂದಿನಿಂದ ನೋಡುತ್ತಿದ್ದೇನೆ, ಗಮನಿಸಿಯೇ ಇರಲಿಲ್ಲ. ಅವರ ಹಣೆಯಿಂದ ಭುಜದವರೆಗೆ ಮುದ್ರೆಯ ಕಪ್ಪು ಗೆರೆ ಬಾಗಿಕೊಂಡು ಹೋಗಿದೆ.

"ನೋಡಜ್ಜಿ. ಇವರಿಗೂ ಗುದ್ದಿದಾರೆ."

ಅಜ್ಜಿ ಕಟ್ಟನ್ನು ಕಣ್ಣಿನ ಹತ್ತಿರ ಹಿಡಿದುಕೊಂಡಳು. ಗಾಜನ್ನು ಬೆರಳಿನಿಂದ ಉಜ್ಜಿದಳು, ಅದು ಗಾಜಿನ ಕೊಳೆಯಲ್ಲ ಎಂದು ಖಾತ್ರಿ ಮಾಡಿಕೊಳ್ಳುವಂತೆ. "ಯಾವ್ದೋ ಆಫೀಸ್ ಕಸದಲ್ಲಿ ಬಿದ್ದಿದ್ ಕವರಿಂದ ಬಿಡ್ಸ್ಕಂಡ್ ಬಂದಿದ್ರು. ಒಸಾದು ತರಬಾರ್ದಾ ಅಂದೆ ನಾನು. ಇದು ಊರೂರ್ ತಿರುಗಿರೋದು ಕಣೆ, ಕೂತಲ್ಲೇ ಕೂತಿರೋದಲ್ಲ ಅಂದ್ರು."

ಟ್ರಂಕು ತೆರೆದಳು. "ಒಂದೇ ಒಂದು" ಎಂದು ಗೆರೆಯ ಮೇಲೆ ಮಡಚಿ, ಬಹಳ ನಿಧಾನವಾಗಿ, ತಾತನ ಕೋಟಿನ ತೋಳು ಹರಿಯದಂತೆ ಬಿಡಿಸಿದಳು. ನಾನು ನಾಲಿಗೆಗೆ ಹಚ್ಚಲು ಹೋದೆ. ಕೈಗೆ ಹೊಡೆದಳು. "ತಾತಂಗೆ ಎಂಜಲು ಬಳೀತೀಯಾ ಮೂದೇವಿ!"

ಕೊನೆಗೆ ಅಂಚೆ ಕಚೇರಿಯ ಗೋಂದಿನ ಡಬ್ಬದಿಂದಲೇ ಅಂಟಿಸಿದೆ. ವಿಳಾಸ: ಶ್ರೀಮತಿ ಅಣ್ಣಮ್ಮ, ಪಾಪಯ್ಯನವರ ಮನೆ, ಕದಿರೇನಹಳ್ಳಿ, ಬನಶಂಕರಿ ಎರಡನೇ ಹಂತ, ಬೆಂಗಳೂರು. ಒಳಗೆ ಏನು ಬರೆಯಬೇಕೆಂದು ಅಂಚೆ ಡಬ್ಬದ ಮುಂದೆ ನಿಂತು ಬಹಳ ಯೋಚಿಸಿದೆ. ತಪ್ಪಾಯಿತು ಎಂದು ಬರೆಯಲಾರೆ, ಏಕೆಂದರೆ ತಪ್ಪಾಗಿಲ್ಲ. ಎಲ್ಲ ಸರಿಹೋಗುತ್ತದೆ ಎಂದು ಬರೆಯಲಾರೆ, ಏಕೆಂದರೆ ಅದು ಗೊತ್ತಿಲ್ಲ. ಗೊತ್ತಿದ್ದ ಒಂದು ಸಾಲು ಬರೆದು ಹಾಕಿದೆ.

ಮಾರ್ಚ್ 3, ಸೋಮವಾರ

ಬರಲಿಲ್ಲ. ಅಜ್ಜಿ ಹೊಸಿಲ ಮೇಲೆ ಕೂತಿದ್ದಳಂತೆ.

ಮಾರ್ಚ್ 5, ಬುಧವಾರ

ಬರಲಿಲ್ಲ. ನಾಲ್ಕು ಕ್ರಾಸ್ ಆಚೆ ಹಾಕಿದ ಕಾಗದ. ನಾನೇ ಕೈಯಲ್ಲಿ ಹಿಡಿದು ತಂದಿದ್ದರೆ ಎಷ್ಟೊತ್ತು!

ಕೆಲಸದ ನಡುವೆ ತಟ್ಟನೆ ಹೊಳೆಯಿತು, ಪಿನ್ ಕೋಡ್ ಬರೆದಿಲ್ಲ. ದಿನಕ್ಕೆ ಹತ್ತು ಬ್ಯಾನರಿಗೆ ಪಿನ್ ಕೋಡ್ ಟೈಪ್ ಮಾಡುವವಳು ನಾನು. ಕೀ ಬೋರ್ಡಿಗೆ ಹಣೆ ಚಚ್ಚಿಕೊಂಡೆ. ಪರದೆಯ ಮೇಲೆ ಯಾವುದೋ ರಾಜಕಾರಣಿಯ ಹುಟ್ಟುಹಬ್ಬದ ಶುಭಾಶಯದ ಪಕ್ಕ ಒಂದು ಸಾಲು 'ಗಗಗಗಗ' ಬಂತು. "ಇದೂ ನಿಜಾನಾ?" ಎಂದು ಸೋಮನಾಥ್ ಸಾರ್ ಕೇಳಿದರು.

ಮಾರ್ಚ್ 7, ಶುಕ್ರವಾರ

ಇಲ್ಲ.

ಮನೆಗೆ ಬಂದ ಕೂಡಲೇ ಅಜ್ಜಿ ನನ್ನ ಮುಖ ನೋಡುತ್ತಾಳೆ. ನಾನು ಅವಳ ಮುಖ ನೋಡುತ್ತೇನೆ. ಅಮ್ಮ ಇಬ್ಬರ ಮುಖವನ್ನೂ ನೋಡಿ ಸಾರಿಗೆ ಉಪ್ಪು ಜಾಸ್ತಿ ಹಾಕುತ್ತಾಳೆ. ಆ ಕಾಗದ ಕಳೆದುಹೋಗಿದ್ದರೆ ತಾತನ ಚೀಟಿ ನಡೆಯಲಿಲ್ಲ ಎಂದೇ ಅಜ್ಜಿ ತಿಳಿಯುತ್ತಾಳೆ. ಪಿನ್ ಕೋಡ್ ಮರೆತದ್ದು ನಾನು ಎಂದು ಎಷ್ಟು ಹೇಳಿದರೂ ನಂಬುವುದಿಲ್ಲ, ನನ್ನ ಸಮಾಧಾನದ ಮಾತು ಎಂದುಕೊಳ್ಳುತ್ತಾಳೆ. ಒಂದು ಸಲವೂ ಸಮಾಧಾನದ ಮಾತು ಆಡದವಳಿಗೆ ಈ ಗತಿ.

ನಾಡಿದ್ದು ಫಂಕ್ಷನ್. ತಾತ ಇದ್ದಿದ್ದರೆ ಇದನ್ನೆಲ್ಲ ನೋಡಿ ಏನೂ ಹೇಳದೆ ಕೀಲಿ ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದರು. ಬೀದಿಯ ತಿರುವಿನಲ್ಲಿ ಒಂದು ಸಲ ಕೆಮ್ಮುತ್ತಿದ್ದರು. ಆ ಕೆಮ್ಮು ಕೇಳಿ ಎಷ್ಟು ದಿನವಾಯಿತು.

ಮಾರ್ಚ್ 8, ಶನಿವಾರ

ಬಂತು!

ಊಟಕ್ಕೆ ಮನೆಗೆ ಬಂದಿದ್ದೆ. ಪೋಸ್ಟ್‌ಮನ್ ಯಲ್ಲಪ್ಪ ಸೈಕಲ್ ಒರಗಿಸಿ, "ಅಣ್ಣಮ್ಮ ಅಂದ್ರೆ ಯಾರು?" ಎಂದು ಕೂಗಿದರು. ಬ್ಯಾಂಕಿನ ಕಾಗದ ಬಿಟ್ಟರೆ ಅಜ್ಜಿಯ ಹೆಸರಿಗೆ ಒಂದು ಕಾಗದವೂ ಬಂದದ್ದಿಲ್ಲ. ಎಲ್ಲ ಪಾಪಯ್ಯನವರ ಹೆಸರಿಗೇ. ಅವಳು ಕೈಯನ್ನು ಮಾತ್ರ ಮೇಲೆತ್ತಿದಳು, ಶಾಲೆಯಲ್ಲಿ ಹಾಜರಿ ಹೇಳುವ ಮಕ್ಕಳ ಹಾಗೆ.

"ಪಿನ್ ಕೋಡ್ ಹಾಕಿಲ್ಲ, ಏನಿಲ್ಲ, ಎಲ್ಲೆಲ್ಲೋ ಸುತ್ತಾಕೊಂಡ್ ಬಂದಿದೆ ನೋಡಿ" ಎನ್ನುತ್ತಾ ಕೊಡಲು ಬಂದವರು ಚೀಟಿ ನೋಡಿ ನಿಂತರು. "ಅರೆ! ಇವ್ರು ನೀರಿನ ಪಾಪಯ್ಯ ಅಲ್ವಾ? ಸಖತ್ತಾಗಿದೆ ಕೋಟು! ನಮ್ ಬೀದಿಗೂ ಇವ್ರೇ ನೀರ್ ಬಿಡ್ತಿದ್ದಿದ್ದು."

ಮುದ್ರೆ ಬಿದ್ದಿತ್ತು. ಅರ್ಧ ಹೂವಿನ ಮೇಲೆ, ಅರ್ಧ ಕೋಟಿನ ಮೇಲೆ. ಮುಖಕ್ಕೆ ತಾಗಿರಲಿಲ್ಲ. ಅದಕ್ಕೆ ವಿಶೇಷ ಅರ್ಥವೇನಿಲ್ಲ, ಗುದ್ದುವವರ ಕೈ ಎಲ್ಲಿ ಬಿತ್ತೋ ಅಲ್ಲಿ ಬಿತ್ತು. ಅಜ್ಜಿ ಮುದ್ರೆಯ ಮೇಲೆ ಬೆರಳಿಟ್ಟು ಸುತ್ತಲೂ ಸವರಿದಳು.

"ಇದು ಸರ್ಕಾರದ್ದೇ ಮುದ್ರೆಯಾ?"

"ಸರ್ಕಾರದ್ದೇ."

"ಇದ್ಕೆ ಯಾರೂ ದುಡ್ ಕೊಟ್ಟಿಲ್ವಾ?"

"ಮುದ್ರೆಗೆ ಯಾರೂ ಕೊಟ್ಟಿಲ್ಲ ಅಜ್ಜಿ."

"ಅಂಗಾರೆ ಈ ಕಾಗ್ದಾನ ಇವ್ರೇ ತಂದ್ರಾ?"

ಇಲ್ಲಿ ನಾನು ನಿಂತು ಯೋಚಿಸಿದೆ. ತಂದದ್ದು ಯಲ್ಲಪ್ಪನವರ ಸೈಕಲ್. ಆದರೆ ಚೀಟಿ ಇಲ್ಲದಿದ್ದರೆ ಡಬ್ಬದಿಂದ ಕಾಗದ ಮುಂದಕ್ಕೆ ಹೋಗುತ್ತಿರಲಿಲ್ಲ. ಅಂಚೆಯ ನಿಯಮವೇ ಅದು. ವಿಮಲಾ ಮೇಡಂ ಅವರನ್ನು ಕೇಳಿದರೂ ಹಾಗೇ ಹೇಳುತ್ತಾರೆ.

"ಹೂಂ ಅಜ್ಜಿ, ತಾತಾನೇ ತಂದ್ರು" ಎಂದೆ. ಇದು ಸುಳ್ಳಲ್ಲ.

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಳು. ಯಲ್ಲಪ್ಪ ಸೈಕಲ್ಲಿನ ಗಂಟೆಯನ್ನು ಸುಮ್ಮನೆ ಒಂದು ಸಲ ಬಾರಿಸಿ ಹೊರಟರು. ನನ್ನ ಕಣ್ಣಿಗೆ ಏನೋ ಬಿದ್ದಿತ್ತು. ಒಗ್ಗರಣೆಯ ಹೊಗೆ ಇರಬೇಕು, ಆದರೆ ಒಲೆ ಹಚ್ಚಿರಲಿಲ್ಲ. ಇರಲಿ.

"ಓದು" ಎಂದಳು. ಕವರನ್ನು ಚೀಟಿಗೆ ತಾಗದಂತೆ ಅವಳೇ ಬ್ಲೇಡಿನಿಂದ ಕೊಯ್ದಳು. ಓದಿದೆ: "ಅಜ್ಜಿ, ಊಟ ಮಾಡು. ಇಂತಿ ತೇಜಸ್ವಿನಿ."

"ಇನ್ನೊಂದ್ ಕಡೆ?"

"ಇನ್ನೊಂದ್ ಕಡೆ ಏನೂ ಇಲ್ಲ."

"ಇದೊಂದ್ ಮಾತ್ ಏಳಕ್ಕೆ ಇವ್ರನ್ನ ಒಂದ್ ವಾರ ಊರೆಲ್ಲ ಸುತ್ತಾಡ್ಸಿದ್ಯಾ? ಮನೇಲೇ ಏಳಿದ್ರಾಗಿತ್ತು" ಎಂದು ಬೈದಳು. ಬೈಯುತ್ತಲೇ ತಟ್ಟೆ ಹಾಕಿಕೊಂಡು ಕೂತಳು. ಎರಡನೇ ಸಲ ಸಾರು ಕೇಳಿದಳು.

ಮಾರ್ಚ್ 9, ಭಾನುವಾರ

ಸಮುದಾಯ ಭವನ ತುಂಬಿತ್ತು. ಬುದ್ಧ ವಂದನೆ ಆಯಿತು. ವೇದಿಕೆಯ ಹಿಂದೆ ಮಾವನ ಹೊಸ ಬ್ಯಾನರ್, "ಭಾರತ ಸರ್ಕಾರ ಹೊರತಂದ". ನಾನು ಹುಡುಕಿಕೊಟ್ಟ ಮಾಹಿತಿಗಳನ್ನೆಲ್ಲ ತಪ್ಪು ತಪ್ಪಾಗಿ ಸೇರಿಸಿದ್ದರು. ವಿಶ್ವೇಶ್ವರಯ್ಯನವರ ಕೆಳಗೆ ವಿಕ್ಟೋರಿಯಾ ರಾಣಿಯ ಸಾಲು! ಅವರಿಗೆ ಹದಿನೈದು ವರ್ಷವಾಗಿದ್ದಾಗ ಬರೆದ ಚಿತ್ರವಂತೆ, ಪೇಟ ಸಮೇತ. ಬೆಂಕಿಯಂಥ ಸಿಟ್ಟು ಬಂತು. ಯಾರೂ ಓದುತ್ತಿರಲಿಲ್ಲ ಎಂಬುದೊಂದೇ ಸಮಾಧಾನ.

ಅಜ್ಜಿ ಬರುತ್ತೇನೆಂದು ಬೆಳಗ್ಗೆ ತಾನಾಗಿಯೇ ಹೊರಟಿದ್ದಳು. ಮಾವ ಅವಳ ಕೈಗೆ ಹಾಳೆಯ ಫೋಟೋ ಪ್ರತಿಯ ಚೌಕಟ್ಟು ಕೊಟ್ಟು ಫೋಟೋಗೆ ನಿಲ್ಲಿಸಿದರು. ಅವಳು ಚೌಕಟ್ಟನ್ನು ಕುರ್ಚಿಯ ಮೇಲಿಟ್ಟು, ಸೊಂಟದ ಚೀಲದಿಂದ ಕವರ್ ತೆಗೆದಳು. ಮೈಕು ಕೇಳಿದಳು. ಮೈಕು ಕೀಯ್ ಎಂದಿತು.

"ಈ ಬಟ್ಟೆ ಮೇಲೆ ಏನ್ ಬರ್ದವ್ರೋ ನಂಗೆ ಓದಕ್ ಬರಾಕಿಲ್ಲ. ಸರ್ಕಾರ ಮಾಡ್ಸೈತೆ ಅಂತ ಬರ್ದಿದ್ರೆ ಅದು ತಪ್ಪು. ನನ್ ಮಗ ಮಾಡ್ಸವ್ನೆ. ಅವ್ನಿಗೆ ಅಪ್ಪ ಅಂದ್ರೆ ಪಿರೂತಿ, ಅದ್ಕೆ ಮಾಡ್ಸವ್ನೆ. ಇವ್ರು ನಿಮ್ಗೆಲ್ಲ ನೀರ್ ಬಿಟ್ಟೋರು. ನೆನ್ನೆ ನಂಗೊಂದ್ ಕಾಗ್ದ ತಂದ್ ಕೊಟ್ರು. ನೋಡಿ, ಮುದ್ರೆ ಐತೆ." ಕವರನ್ನು ಎತ್ತಿ ಎಡಕ್ಕೂ ಬಲಕ್ಕೂ ತೋರಿಸಿದಳು. "ಎಲ್ರೂ ಊಟ ಮಾಡ್ಕಂಡ್ ಓಗಿ."

ಮಾವನ ಮುಖ ಬಾಡಿತು ಎಂದುಕೊಂಡೆ. ಬಾಡುವುದಕ್ಕೆ ಜನ ಬಿಡಲಿಲ್ಲ. ಅಪ್ಪನ ಮೇಲೆ ಎಂಥ ಪ್ರೀತಿ ಎಂದು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸುಳ್ಳು ಹೇಳಿದವರಿಗೆ ಚಪ್ಪಾಳೆ. ನಾಲ್ಕು ಜನ ಬಂದು ಕೈ ಕುಲುಕಿದರು. ಮಾವ ಕಣ್ಣು ಒರೆಸಿಕೊಂಡರು, ಅದು ನಾಟಕವಿರಲಿಲ್ಲ, ಅವರು ನಾಟಕ ಮಾಡುವಾಗ ಮೂಗು ಸೋರುವುದಿಲ್ಲ. ಆಮೇಲೆ ಕುರ್ಚಿ ಹತ್ತಿ, "ಹೊರತಂದ" ಎಂಬ ಸಾಲಿನ ಮೇಲೆ ಹೂವಿನ ಹಾರ ಇಳಿಬಿಟ್ಟರು. ಅಕ್ಷರ ಪೂರ್ತಿ ಮುಚ್ಚಲಿಲ್ಲ. ನಾನು ಹೋಗಿ ಇನ್ನೊಂದು ಹಾರ ಕೊಟ್ಟೆ.

"ಇವಳು ಯಾರು ದೇವರಾಜು?" ಎಂದು ಯಾರೋ ಕೇಳಿದರು.

"ಪಾಪಯ್ಯನ ಮೊಮ್ಮಗಳು" ಎಂದರು ಮಾವ. ಆಮೇಲೆ ನನ್ನ ಕಡೆ ತಿರುಗಿ, "ನೋಡ್ತಾ ನಿಂತಿದ್ಯಲ್ಲ, ಸಾರ್ ಬಡಿಸು ಹೋಗೇ" ಎಂದರು.

ಮಾರ್ಚ್ 12, ಬುಧವಾರ

ಅಂಗಡಿಗೆ ಒಬ್ಬಾಕೆ ಗಂಡನ ಫೋಟೋ ತಂದಿದ್ದರು. ಗಾರೆ ಕೆಲಸದವರು, ಮೀಸೆಯ ತುದಿಯಲ್ಲಿ ಸಿಮೆಂಟಿನ ಬಿಳಿ. ಕೋಟು ಹಾಕಲಾ, ಇದ್ದ ಹಾಗೇ ಬಿಡಲಾ ಎಂದು ಕೇಳಿದೆ. ಆಕೆ ಸ್ವಲ್ಪ ಯೋಚಿಸಿ, "ಕೋಟು ಹಾಕಮ್ಮ, ಮಗಳ ಮದುವೇಲಿ ಹಾಕ್ಕೋಬೇಕು ಅಂತಿದ್ರು" ಎಂದರು. ಕತ್ತಿನ ಬಣ್ಣ ಮುಖಕ್ಕೆ ಹೊಂದುವವರೆಗೂ ಬಿಡಲಿಲ್ಲ. ಸಿಮೆಂಟಿನ ಬಿಳಿಯನ್ನು ಅಳಿಸಲಿಲ್ಲ, ಆಕೆ ಕೇಳಲೂ ಇಲ್ಲ. "ಒಂದ್ ಫೋಟೋಗೆ ಇಷ್ಟೊತ್ತಾ? ಏನಮ್ಮ, ನೀನೇ ಹೊಲೀತಿದ್ಯಾ?" ಎಂದು ಸೋಮನಾಥ್ ಸಾರ್ ರೇಗಿದರು. ಇವತ್ತು ಬೇರೇನೂ ಕೆಲಸ ಸಾಗಲಿಲ್ಲ.

ಮನೆಗೆ ಬಂದರೆ ಕವರನ್ನು ಕಟ್ಟು ಹಾಕಿಸಿ ಗೂಡಿನಲ್ಲಿ ಬಾಬಾಸಾಹೇಬರ ಪಕ್ಕ ಇಟ್ಟಾಗಿತ್ತು. ಅಜ್ಜಿ ಟ್ರಂಕಿನ ಮುಂದೆ ಕೂತು ಹಾಳೆಯಿಂದ ಇನ್ನೊಂದು ಚೀಟಿಯನ್ನು ನಿಧಾನವಾಗಿ ಬಿಡಿಸುತ್ತಿದ್ದಳು. ಬಿಡಿಸಿ, ನಾನು ಬರೆಯುವ ಈ ಪುಸ್ತಕದ ಪಕ್ಕ ಇಟ್ಟು, ಗಾಳಿಗೆ ಹಾರದಂತೆ ಅದರ ಮೇಲೆ ಅಡಿಕೆ ಕತ್ತರಿ ಇಟ್ಟಳು.

"ಪಿನ್ ಕೋಡ್ ಆಕು" ಎಂದಳು. "ಮತ್ತೆ ಈ ಸಲ ಉದ್ದಕ್ಕೆ ಬರಿ."